ಗಾಯ ಮಾಯ್ದ ಮೇಲೂ ನಿಲ್ಲದ ಬೆಳವಣಿಗೆ: ಉಬ್ಬುಗಲೆಯೂ ಆಕರಕೋಶ ಚಿಕಿತ್ಸೆಯೂ

ಕಿವಿ ಚುಚ್ಚಿಸಿಕೊಂಡ ಕೆಲವು ತಿಂಗಳ ನಂತರ ಹಾಲೆಯ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟೊಂದು ಕಾಣಿಸಿಕೊಳ್ಳುತ್ತದೆ. ನೆಲ್ಲಿಕಾಯಿಯ ಗಾತ್ರಕ್ಕೆ ಬೆಳೆದರೂ ಅದು ನಿಲ್ಲುವುದಿಲ್ಲ. ಎದೆಯ ಮೇಲಿನ ಮೊಡವೆ ಒಣಗಿದ ಜಾಗದಲ್ಲಿ ಕೆಂಪು ಉಬ್ಬು ಮೂಡಿ ವರ್ಷಗಟ್ಟಲೆ ನವೆಯಾಗುತ್ತದೆ. ಸಿಸೇರಿಯನ್ ಹೊಲಿಗೆಯ ಗುರುತು ಹಗ್ಗದಂತೆ ದಪ್ಪವಾಗುತ್ತದೆ. ಒಲೆಯ ಬೆಂಕಿ ಸೆರಗಿಗೆ ತಾಗಿ ಸುಟ್ಟ ಕುತ್ತಿಗೆಯ ಚರ್ಮ ಮಾಯುತ್ತಾ ಮಾಯುತ್ತಾ ಸೆಟೆದುಕೊಂಡು, ಗದ್ದ ಎದೆಗೆ ಅಂಟಿದಂತಾಗಿ, ಹೆಂಗಸೊಬ್ಬಳು ತಲೆಯೆತ್ತಿ ನೋಡಲಾರದಂತಾಗುತ್ತಾಳೆ. ಬೇರೆ ಬೇರೆ ಕಷ್ಟಗಳಂತೆ ಕಂಡರೂ ಇವೆಲ್ಲ ಒಂದೇ ಬಗೆಯ ಅತಿರೇಕ. ಗಾಯವನ್ನು ಮುಚ್ಚಲು ದೇಹ ಆರಂಭಿಸಿದ ಕೆಲಸ ಸಕಾಲದಲ್ಲಿ ನಿಲ್ಲದೆ ಹೋದದ್ದರ ಫಲ.

ಈ ಅತಿರೇಕವನ್ನು ಆಕರಕೋಶಗಳಿಂದ, ಅಂದರೆ ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಸ್ಟೆಮ್ ಸೆಲ್‌ಗಳಿಂದ, ತಡೆಯಬಹುದೇ ಎಂಬ ಪ್ರಶ್ನೆಯನ್ನು ಜಗತ್ತಿನ ಹಲವು ಪ್ರಯೋಗಾಲಯಗಳು ಗಂಭೀರವಾಗಿ ಪರಿಶೀಲಿಸುತ್ತಿವೆ. ಅದೇ ಹೊತ್ತಿಗೆ ನಮ್ಮ ನಗರಗಳ ಸೌಂದರ್ಯ ಚಿಕಿತ್ಸಾ ಕೇಂದ್ರಗಳಲ್ಲಿ ಆಕರಕೋಶದ ಹೆಸರಿನ ಚುಚ್ಚುಮದ್ದು, ಸೀರಮ್ಮುಗಳ ಜಾಹೀರಾತೂ ಕಾಣುತ್ತಿದೆ. ಪ್ರಯೋಗಾಲಯದ ಪ್ರಶ್ನೆಗೂ ಜಾಹೀರಾತಿನ ಉತ್ತರಕ್ಕೂ ನಡುವೆ ಬಹಳ ದೂರವಿದೆ. ಆ ದೂರ ಎಷ್ಟೆಂದು ತಿಳಿಯಬೇಕಾದರೆ ಮೊದಲು ಕಲೆ ಎಂದರೇನು ಎಂಬಲ್ಲಿಂದಲೇ ಹೊರಡಬೇಕು.

ಚರ್ಮದ ಮೇಲ್ಪದರಕ್ಕಷ್ಟೇ ತಗುಲಿದ ತರಚುಗಾಯ ಕಲೆ ಉಳಿಸದೆ ಮಾಯುತ್ತದೆ. ಗಾಯವು ಒಳಚರ್ಮದ ಆಳಕ್ಕಿಳಿದಾಗ ಮಾತ್ರ ಕಥೆ ಬದಲಾಗುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ರೋಗನಿರೋಧಕ ಕೋಶಗಳು ಅಲ್ಲಿಗೆ ಧಾವಿಸಿ ಉರಿಯೂತ ಉಂಟಾಗುತ್ತದೆ. ಅವು ಹೊರಸೂಸುವ ಸಂಕೇತಗಳಿಗೆ ಓಗೊಟ್ಟು ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಕೊಲಾಜೆನ್ ನಾರನ್ನು ನೇಯತೊಡಗುತ್ತವೆ. ಅವುಗಳಲ್ಲಿ ಕೆಲವು ಸ್ನಾಯುವಿನಂತೆ ಸಂಕುಚಿಸುವ ಶಕ್ತಿ ಪಡೆದು ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಮುಂದಿನ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಈ ನಾರು ಒಡೆಯುತ್ತಾ ಮತ್ತೆ ಹೆಣೆದುಕೊಳ್ಳುತ್ತಾ ಇರುತ್ತದೆ. ಆರೋಗ್ಯವಂತ ಚರ್ಮದಲ್ಲಿ ಬುಟ್ಟಿಯ ಹೆಣಿಗೆಯಂತೆ ಅಡ್ಡಡ್ಡ ಇರುವ ಕೊಲಾಜೆನ್, ಕಲೆಯಲ್ಲಿ ಒಂದೇ ದಿಕ್ಕಿಗೆ ಒತ್ತೊತ್ತಾಗಿ ಮಲಗಿರುತ್ತದೆ. ಅಲ್ಲಿ ಕೂದಲಿನ ಬುಡವಿಲ್ಲ, ಬೆವರಿನ ಗ್ರಂಥಿಯಿಲ್ಲ; ಪೂರ್ತಿ ಬಲಿತ ಕಲೆಯ ಗಟ್ಟಿತನವೂ ಮೊದಲಿನ ಚರ್ಮದ ಸುಮಾರು 80 ಪ್ರತಿಶತವನ್ನು ದಾಟುವುದಿಲ್ಲ. ಸೋಂಕು, ರಕ್ತಸ್ರಾವಗಳಿಂದ ಜೀವ ಉಳಿಸಿಕೊಳ್ಳಬೇಕಾದ ಪ್ರಾಣಿಗೆ ಚೆಂದಕ್ಕಿಂತ ವೇಗ ಮುಖ್ಯವಾದದ್ದರಿಂದ ದೇಹ ಈ ಅವಸರದ ತೇಪೆಯನ್ನೇ ರೂಢಿಸಿಕೊಂಡಿದೆ ಎಂದು ಬಹುಪಾಲು ಜೀವವಿಜ್ಞಾನಿಗಳು ಭಾವಿಸುತ್ತಾರೆ.

ತೇಪೆ ಹಾಕುವ ಕೆಲಸ ಮಿತಿಮೀರಿದಾಗ ಎರಡು ಬಗೆಯ ಕಲೆಗಳಾಗುತ್ತವೆ, ಮತ್ತು ಇವೆರಡನ್ನು ಒಂದೇ ಎಂದು ತಿಳಿಯುವುದು ಚಿಕಿತ್ಸೆಯ ಚರ್ಚೆಯನ್ನೇ ದಾರಿ ತಪ್ಪಿಸುತ್ತದೆ. ಹೈಪರ್‌ಟ್ರೋಫಿಕ್ ಕಲೆ ಎಂಬುದು ಗಾಯದ ಗಡಿಯೊಳಗೇ ಉಬ್ಬುತ್ತದೆ, ಸುಟ್ಟಗಾಯಗಳಲ್ಲಿ ಸಾಮಾನ್ಯ, ವರ್ಷಗಳು ಕಳೆದಂತೆ ತಾನಾಗಿಯೇ ಸ್ವಲ್ಪ ತಗ್ಗುವುದೂ ಉಂಟು. ಕೆಲಾಯ್ಡ್ ಹಾಗಲ್ಲ. ಅದು ಗಾಯದ ಗಡಿ ದಾಟಿ, ಗಾಯವೇ ಆಗದಿದ್ದ ಚರ್ಮಕ್ಕೂ ಹಬ್ಬುತ್ತದೆ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಚರ್ಮವೈದ್ಯ ಜ್ಯಾನ್ ಲೂಯಿ ಅಲಿಬೇರ್ ಇದರ ಅಂಚುಗಳು ಏಡಿಯ ಕೊಂಡಿಯಂತೆ ಚಾಚಿಕೊಳ್ಳುವುದನ್ನು ಕಂಡು, ಗ್ರೀಕ್ ಭಾಷೆಯಲ್ಲಿ ಆ ಅರ್ಥ ಕೊಡುವ ಪದದಿಂದ ಈ ಹೆಸರು ಕಟ್ಟಿದ. ಕಪ್ಪು, ಕಂದು ಮೈಬಣ್ಣದವರಲ್ಲಿ ಇದು ಹೆಚ್ಚು. ಹಾಗಾಗಿ ಭಾರತೀಯರ ಮಟ್ಟಿಗೆ ಇದು ಅಪರೂಪದ ಕಾಯಿಲೆಯಲ್ಲ. ಕುಟುಂಬದಲ್ಲಿ ಹರಿದು ಬರುವುದೂ ಇದೆ. ಚರ್ಮ ಸದಾ ಎಳೆತಕ್ಕೊಳಗಾಗುವ ಎದೆಯ ಮಧ್ಯ, ಭುಜ, ಮೇಲ್ಬೆನ್ನು ಇದಕ್ಕೆ ಮೆಚ್ಚಿನ ಜಾಗಗಳಾದರೆ, ಅಂಗೈ ಅಂಗಾಲುಗಳಲ್ಲಿ ಇದು ಕಾಣಸಿಗುವುದೇ ವಿರಳ.

ಈಗಿರುವ ಚಿಕಿತ್ಸೆಗಳು ನಿಷ್ಪ್ರಯೋಜಕವೇನಲ್ಲ. ಕಲೆಯೊಳಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುವುದು, ಅದರ ಜೊತೆ ಕೋಶಗಳ ಬೆಳವಣಿಗೆ ತಡೆಯುವ 5-ಫ್ಲೋರೊಯುರಾಸಿಲ್ ಔಷಧ ಸೇರಿಸುವುದು, ಸಿಲಿಕೋನ್ ಹಾಳೆ ಅಂಟಿಸುವುದು, ಬಿಗಿಯಾದ ಒತ್ತಡದ ಉಡುಪು ತೊಡಿಸುವುದು, ದ್ರವ ಸಾರಜನಕದಿಂದ ತಣ್ಣಗೆ ಸುಡುವುದು, ಲೇಸರ್ ಹಾಯಿಸುವುದು ಎಲ್ಲವೂ ಒಂದಷ್ಟು ಮಂದಿಗೆ ಒಂದಷ್ಟು ಉಪಕಾರ ಮಾಡುತ್ತವೆ. ಕೆಲಾಯ್ಡನ್ನು ಬರೀ ಕತ್ತರಿಸಿ ತೆಗೆದರೆ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿಯಲ್ಲಿ ಅದು ಮರಳಿ, ಹಲವೊಮ್ಮೆ ಮೊದಲಿಗಿಂತ ದೊಡ್ಡದಾಗಿಯೇ ಬರುತ್ತದೆ. ಆದ್ದರಿಂದ ಶಸ್ತ್ರಕ್ರಿಯೆಯ ಬೆನ್ನಿಗೇ ವಿಕಿರಣ ಚಿಕಿತ್ಸೆ ಕೊಡುವ ಪದ್ಧತಿಯಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಎದ್ದ ಕಲೆಯನ್ನು ತಗ್ಗಿಸುವ ಉಪಾಯಗಳೇ ಹೊರತು, ಏಳದಂತೆ ಮಾಡುವವಲ್ಲ. ಆಕರಕೋಶದ ಆಸೆ ಹುಟ್ಟಿದ್ದು ಈ ಕೊರತೆಯಿಂದ.

ಆಕರಕೋಶ ಎಂಬ ಒಂದೇ ಹೆಸರಿನಡಿಯಲ್ಲಿ ಎರಡು ತೀರಾ ಭಿನ್ನವಾದ ಸಂಗತಿಗಳು ಅಡಗಿವೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಮೊದಲನೆಯದು ಚರ್ಮದ್ದೇ ಆಕರಕೋಶ. ಮೇಲ್ಪದರದ ತಳದಲ್ಲಿ ಮತ್ತು ಕೂದಲಿನ ಬುಡದಲ್ಲಿರುವ ಈ ಕೋಶಗಳು ಜೀವನವಿಡೀ ಹೊಸ ಚರ್ಮ ಹುಟ್ಟಿಸುತ್ತವೆ. 1975ರಲ್ಲಿ ಅಮೆರಿಕದ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಇವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ದಾರಿ ಕಂಡುಕೊಂಡರು. 1983ರಲ್ಲಿ ಮೈಯ 95 ಪ್ರತಿಶತಕ್ಕೂ ಹೆಚ್ಚು ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರಿಗೆ, ಅವರದೇ ಚರ್ಮದ ಚಿಕ್ಕ ತುಣುಕಿನಿಂದ ಬೆಳೆಸಿದ ಹಾಳೆಗಳನ್ನು ಹೊದಿಸಿ ಜೀವ ಉಳಿಸಲಾಯಿತು. 2017ರಲ್ಲಿ ಇಟಲಿಯ ಮಿಕೆಲೆ ದೆ ಲೂಕಾ ತಂಡ, ಜರ್ಮನಿಯ ಬೋಖುಮ್ ಆಸ್ಪತ್ರೆಯ ವೈದ್ಯರೊಂದಿಗೆ ಸೇರಿ, ಮುಟ್ಟಿದರೆ ಚರ್ಮ ಕಿತ್ತುಬರುವ ಆನುವಂಶಿಕ ಕಾಯಿಲೆಯ ಏಳು ವರ್ಷದ ಬಾಲಕನಿಗೆ, ವಂಶವಾಹಿ ತಿದ್ದಿದ ಅವನದೇ ಆಕರಕೋಶಗಳಿಂದ ಮೇಲುಚರ್ಮದ ಸುಮಾರು 80 ಪ್ರತಿಶತವನ್ನು ಹೊಸದಾಗಿ ಕಟ್ಟಿಕೊಟ್ಟ ವಿಷಯ ಪ್ರಕಟವಾಯಿತು. ಚರ್ಮವಿಜ್ಞಾನದಲ್ಲಿ ಆಕರಕೋಶದ ನಿಜವಾದ ಗೆಲುವುಗಳು ಇವು. ಆದರೆ ಇವು ಕಲೆಯ ಪ್ರಶ್ನೆಯನ್ನು ಬಗೆಹರಿಸಲಿಲ್ಲ, ಏಕೆಂದರೆ ಕಲೆಯಾಗುವುದು ಮೇಲುಚರ್ಮದಲ್ಲಲ್ಲ, ಒಳಚರ್ಮದಲ್ಲಿ. ಒಳಚರ್ಮವೇ ಬೆಂದುಹೋದಲ್ಲಿ ಮೇಲೆ ಹಾಳೆ ಹೊದಿಸಿದರೆ ಗಾಯವೇನೋ ಮುಚ್ಚುತ್ತದೆ, ಅಡಿಯಲ್ಲಿ ನಾರು ಸೆಟೆದುಕೊಳ್ಳುವುದು ನಿಲ್ಲುವುದಿಲ್ಲ.

ಎರಡನೆಯದು ಮೆಸೆಂಕೈಮಲ್ ಎಂಬ ವರ್ಗದ ಕೋಶ, ಇಂದು ಕಲೆಯ ಚಿಕಿತ್ಸೆಯಲ್ಲಿ ಆಕರಕೋಶ ಎಂದಾಗ ಬಹುತೇಕ ಇದರದೇ ಮಾತು. ಅಸ್ಥಿಮಜ್ಜೆ, ಹೊಟ್ಟೆಯ ಕೊಬ್ಬು, ಹೊಕ್ಕುಳಬಳ್ಳಿ ಮುಂತಾದ ಕಡೆಗಳಿಂದ ಇದನ್ನು ಪಡೆಯುತ್ತಾರೆ. ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960-70ರ ದಶಕಗಳಲ್ಲಿ ಮಜ್ಜೆಯಲ್ಲಿ ಗುರುತಿಸಿದ ಕೋಶಗಳಿಗೆ 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಈ ಹೆಸರಿಟ್ಟರು. ಎಲುಬು, ಮೃದ್ವಸ್ಥಿ, ಕೊಬ್ಬುಗಳಾಗಿ ಮಾರ್ಪಡಬಲ್ಲ ಇವು ಹಾಳಾದ ಅಂಗಾಂಶದ ಜಾಗದಲ್ಲಿ ಕುಳಿತು ಹೊಸದನ್ನು ಕಟ್ಟುತ್ತವೆ ಎಂಬುದು ಆಗಿನ ನಿರೀಕ್ಷೆ. ನಡೆದದ್ದು ಬೇರೆ. ಮೈಯೊಳಗೆ ಬಿಟ್ಟ ಈ ಕೋಶಗಳಲ್ಲಿ ಹೆಚ್ಚಿನವು ಕೆಲವು ದಿನ ಅಥವಾ ವಾರಗಳಲ್ಲಿ ಇಲ್ಲವಾಗುತ್ತವೆ, ಹೊಸ ಚರ್ಮವಾಗಿ ನೆಲೆ ನಿಲ್ಲುವುದು ಅತ್ಯಲ್ಪ. ಆದರೂ ಇದ್ದಷ್ಟು ಹೊತ್ತು ಸುತ್ತಲಿನ ಕೋಶಗಳ ನಡತೆಯನ್ನು ಬದಲಿಸುವ ಸಂಕೇತಗಳನ್ನು ಸ್ರವಿಸುತ್ತವೆ. ಇದನ್ನು ಕಂಡ ಕ್ಯಾಪ್ಲನ್ ಅವರೇ 2017ರಲ್ಲಿ, ತಾವಿಟ್ಟ ಹೆಸರನ್ನು ಬದಲಿಸಬೇಕು, ಇವನ್ನು ಆಕರಕೋಶ ಎನ್ನುವುದರಿಂದ ರೋಗಿಗಳು ತಪ್ಪು ತಿಳಿಯುತ್ತಾರೆ, ‘ಔಷಧೀಯ ಸಂಕೇತಕೋಶ’ ಎಂಬಂಥ ಹೆಸರು ಸರಿ ಎಂದು ಬರೆದರು. ತಾನೇ ನಾಮಕರಣ ಮಾಡಿದ ಹೆಸರನ್ನು ಹಿಂಪಡೆಯಿರೆಂದು ಒಬ್ಬ ವಿಜ್ಞಾನಿ ಕೇಳಿದ್ದನ್ನು ನಾನು ಬಹಳ ಮಹತ್ವದ ಸಂಗತಿಯೆಂದು ಎಣಿಸುತ್ತೇನೆ. ಇಟ್ಟಿಗೆಯೆಂದು ತಿಳಿದಿದ್ದ ಕೋಶ ಮೇಸ್ತ್ರಿಯ ಕೆಲಸ ಮಾಡುತ್ತಿದೆ ಎಂದಾದರೆ, ಅದನ್ನು ಯಾವಾಗ, ಎಲ್ಲಿಗೆ, ಎಷ್ಟು ಕಳುಹಿಸಬೇಕು ಎಂಬ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಕಲೆಯ ಮಟ್ಟಿಗೆ ಈ ಮೇಸ್ತ್ರಿಕೆ ಏನು ಮಾಡಬಲ್ಲದು? ಮುಖ್ಯವಾದದ್ದು ಉರಿಯೂತವನ್ನು ತಗ್ಗಿಸುವುದು. ಇಲಿಗಳ ಗಾಯಕ್ಕೆ ಈ ಕೋಶಗಳನ್ನು ಚುಚ್ಚಿದಾಗ ಅವು ಟಿಎಸ್‌ಜಿ-6 ಎಂಬ ಪ್ರೋಟೀನನ್ನು ಹೊರಬಿಟ್ಟು, ಕೆರಳಿದ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಶಾಂತಗೊಳಿಸಿ, ನಾರು ಕಟ್ಟುವುದನ್ನು ಕಡಿಮೆ ಮಾಡಿದ್ದನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಟಿಜಿಎಫ್-ಬೀಟಾ ಎಂಬ ಸಂಕೇತದ ಕುಟುಂಬದಲ್ಲಿ ಕಲೆಯನ್ನು ಹೆಚ್ಚಿಸುವ ಮೊದಲ ಬಗೆಯ ಪ್ರಭಾವವನ್ನು ಈ ಕೋಶಗಳು ಕುಗ್ಗಿಸುತ್ತವೆ; ಕೊಲಾಜೆನನ್ನು ಕರಗಿಸುವ ಕಿಣ್ವಗಳಿಗೆ ಬಲ ಕೊಡುತ್ತವೆ; ಫೈಬ್ರೊಬ್ಲಾಸ್ಟ್‌ಗಳು ಎಳೆಯುವ ಕೋಶಗಳಾಗಿ ಮಾರ್ಪಡುವುದನ್ನು ತಡೆಯುತ್ತವೆ ಎಂಬುದಕ್ಕೂ ಪ್ರಯೋಗಾಲಯದಲ್ಲಿ ಆಧಾರಗಳಿವೆ. ಮೊಲದ ಕಿವಿಯಲ್ಲಿ ಗಾಯ ಮಾಡಿದರೆ ಮನುಷ್ಯರ ಹೈಪರ್‌ಟ್ರೋಫಿಕ್ ಕಲೆಯನ್ನು ಹೋಲುವ ಉಬ್ಬು ಏಳುತ್ತದೆ. ಅಲ್ಲಿ ಮಜ್ಜೆಯ, ಕೊಬ್ಬಿನ ಕೋಶಗಳನ್ನು ಚುಚ್ಚಿದ ಹಲವು ತಂಡಗಳು ಉಬ್ಬು ತಗ್ಗಿದ್ದನ್ನು ವರದಿ ಮಾಡಿವೆ.

ಈ ಫಲಿತಾಂಶಗಳು ಸುಳ್ಳಲ್ಲ. ಆದರೆ ಪ್ರಾಣಿಯ ಚರ್ಮದಿಂದ ಮನುಷ್ಯನ ಚರ್ಮಕ್ಕೆ ನೇರ ದಾರಿಯಿಲ್ಲ. ಇಲಿಯ ಚರ್ಮದಡಿಯಲ್ಲಿ ತೆಳುವಾದ ಸ್ನಾಯುಪದರವೊಂದಿದ್ದು, ಅದರ ಗಾಯ ಬಹುಪಾಲು ಅಂಚುಗಳು ಸರಿದು ಕೂಡಿಕೊಳ್ಳುವುದರಿಂದಲೇ ಮುಚ್ಚುತ್ತದೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. ಇನ್ನು ಕೆಲಾಯ್ಡ್ ಮನುಷ್ಯರಿಗಷ್ಟೇ ಬರುವ ಕಾಯಿಲೆಯಾದ್ದರಿಂದ ಅದನ್ನು ಪರೀಕ್ಷಿಸಲು ತಕ್ಕ ಪ್ರಾಣಿಯೇ ಇಲ್ಲ. ಅದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಕೆಲಾಯ್ಡ್ ಗಂಟಿನೊಳಗೇ ಆಕರಕೋಶದ ಲಕ್ಷಣವುಳ್ಳ ಕೋಶಗಳಿವೆ, ಉರಿಯೂತದ ವಾತಾವರಣ ಅವುಗಳನ್ನು ಗಡ್ಡೆಯ ಕೋಶಗಳಂತೆ ಬೆಳೆಸುತ್ತಿರಬಹುದು ಎಂದು 2009ರ ಒಂದು ಸಂಶೋಧನೆ ಸೂಚಿಸಿತು. ಹಾಗಿದ್ದರೆ ಬೆಳವಣಿಗೆಗೆ ನೀರೆರೆಯುವ ಸಂಕೇತಗಳನ್ನೂ ಸ್ರವಿಸುವ ಹೊರಗಿನ ಕೋಶಗಳನ್ನು ಅಂಥ ಗಂಟಿನೊಳಗೆ ಚುಚ್ಚುವುದು ಬೆಂಕಿ ಆರಿಸಿದಂತಾಗುತ್ತದೋ ಗಾಳಿ ಬೀಸಿದಂತಾಗುತ್ತದೋ ಎಂಬುದು ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ತೀರ್ಮಾನವಾಗುವ ಪ್ರಶ್ನೆಯಲ್ಲ. ಸುಟ್ಟಗಾಯದ ಕಲೆಗೆ ಒಗ್ಗಿದ ಚಿಕಿತ್ಸೆ ಕೆಲಾಯ್ಡಿಗೂ ಒಗ್ಗುತ್ತದೆಂದು ಹೇಳುವವರನ್ನು ಈ ಕಾರಣಕ್ಕೇ ನಂಬಬಾರದು.

ಮನುಷ್ಯರ ಮೇಲೆ ಹೆಚ್ಚು ಬಳಕೆಯಾಗಿರುವುದು ಕೊಬ್ಬು. ಹೊಟ್ಟೆ ಅಥವಾ ತೊಡೆಯಿಂದ ಹೀರಿ ತೆಗೆದ ಕೊಬ್ಬನ್ನು ಕಲೆಯಡಿಗೆ ತುಂಬುವ ಶಸ್ತ್ರಕ್ರಿಯೆ ಹಳೆಯದೇ. ಅದರೊಳಗೂ ಮೆಸೆಂಕೈಮಲ್ ಕೋಶಗಳಿವೆ ಎಂದು 2001ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದ ಮೇಲೆ ಅದಕ್ಕೆ ಹೊಸ ಅರ್ಥ ಬಂತು. ಕೊಬ್ಬನ್ನು ನುಣ್ಣಗೆ ಮಾಡಿ ಸೋಸಿದ ‘ನ್ಯಾನೊಫ್ಯಾಟ್’ ಎಂಬುದು 2013ರಲ್ಲಿ ಬೆಲ್ಜಿಯಂನಿಂದ ಪ್ರಚಾರಕ್ಕೆ ಬಂತು. ಹೀಗೆ ಚಿಕಿತ್ಸೆ ಪಡೆದವರಲ್ಲಿ ಕಲೆ ಮೆತ್ತಗಾಯಿತು, ನೋವು ಕಡಿಮೆಯಾಯಿತು ಎಂಬ ವರದಿಗಳು ಬಹಳ ಇವೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪೇ ಇರಲಿಲ್ಲ. ಕಲೆ ಕಾಲಕ್ರಮದಲ್ಲಿ ತಾನಾಗಿಯೇ ಮೆತ್ತಗಾಗುವ ವಸ್ತುವಾದ್ದರಿಂದ ಹೋಲಿಕೆಯಿಲ್ಲದ ಪ್ರಯೋಗ ಇಲ್ಲಿ ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಸುಟ್ಟಗಾಯದ ಹಳೆಯ ಕಲೆಗಳಿದ್ದ ಕೆಲವು ಮಕ್ಕಳಲ್ಲಿ ಒಂದು ಭಾಗಕ್ಕೆ ಕೊಬ್ಬು, ಇನ್ನೊಂದು ಭಾಗಕ್ಕೆ ಬರೀ ಉಪ್ಪುನೀರು ಚುಚ್ಚಿ, ಯಾವುದು ಯಾವುದೆಂದು ತಿಳಿಯದವರಿಂದ ಅಳೆಯಿಸಿದ 2017ರ ಚಿಕ್ಕ ಪ್ರಯೋಗವೊಂದರಲ್ಲಿ ಎರಡು ಭಾಗಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚರ್ಮ ಗಟ್ಟಿಯಾಗುವ ಸ್ಕ್ಲೀರೊಡರ್ಮಾ ರೋಗದಲ್ಲೂ ಹೀಗೆಯೇ ಆಯಿತು. ಕೊಬ್ಬಿನ ಕೋಶಗಳನ್ನು ಬೆರಳುಗಳಿಗೆ ಚುಚ್ಚಿದ ಮೊದಲ ಫ್ರೆಂಚ್ ಅಧ್ಯಯನ ಭರವಸೆ ಮೂಡಿಸಿತು. ಆಮೇಲೆ ಅಮೆರಿಕದಲ್ಲಿ 88 ರೋಗಿಗಳಲ್ಲಿ ಪ್ಲಾಸಿಬೊ, ಅಂದರೆ ಹುಸಿಮದ್ದಿನ ಜೊತೆ ಹೋಲಿಸಿ ನಡೆಸಿದ ಪ್ರಯೋಗ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ.

ಇದಕ್ಕೂ ಮೊದಲೇ ಕಲೆಯ ವಿಜ್ಞಾನ ಇಂಥ ಒಂದು ಪೆಟ್ಟನ್ನು ತಿಂದಿತ್ತು. ಸುಮಾರು 24 ವಾರ ತುಂಬುವ ಮುನ್ನ ಗರ್ಭದಲ್ಲಿರುವ ಶಿಶುವಿನ ಚರ್ಮಕ್ಕೆ ಗಾಯವಾದರೆ ಅದು ಕಲೆಯಿಲ್ಲದೆ ಮಾಯುತ್ತದೆ. ಅಲ್ಲಿ ಟಿಜಿಎಫ್-ಬೀಟಾದ ಮೂರನೆಯ ಬಗೆ ಹೆಚ್ಚಿರುತ್ತದೆ. ಇದನ್ನೇ ಔಷಧವಾಗಿಸಲು ಹೊರಟ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರೆನೊವೊ ಕಂಪನಿಯ ಅವೊಟರ್ಮಿನ್, ಆರಂಭದ ಮಾನವ ಪ್ರಯೋಗಗಳಲ್ಲಿ ಒಳ್ಳೆಯ ಫಲ ತೋರಿಸಿಯೂ, 2011ರಲ್ಲಿ ಮೂರನೆಯ ಹಂತದ ದೊಡ್ಡ ಪ್ರಯೋಗದಲ್ಲಿ ಸೋತಿತು. ನೂರಾರು ಸಂಕೇತಗಳು ಒಟ್ಟಿಗೆ ನಡೆಸುವ ಕ್ರಿಯೆಯನ್ನು ಒಂದೇ ಪ್ರೋಟೀನಿನಿಂದ ತಿರುಗಿಸುವುದು ಕಷ್ಟ ಎಂಬುದು ಆ ಸೋಲಿನಿಂದ ಹಲವರು ಪಡೆದ ಪಾಠ. ಜೀವಂತ ಕೋಶವು ಸನ್ನಿವೇಶ ನೋಡಿಕೊಂಡು ಹಲವು ಸಂಕೇತಗಳನ್ನು ಏಕಕಾಲಕ್ಕೆ ಹೊರಡಿಸುತ್ತದೆ ಎಂಬ ಕಾರಣಕ್ಕೇ ಆಕರಕೋಶದ ವಾದಕ್ಕೆ ಬಲ ಬಂದದ್ದು. ಆ ವಾದದಲ್ಲಿ ಹುರುಳಿದೆ. ಆದರೆ ಅದೇ ಗುಣವೇ ತೊಡಕೂ ಹೌದು: ದಾನಿ ಬದಲಾದರೆ, ಅವರ ವಯಸ್ಸು ಬದಲಾದರೆ, ಬೆಳೆಸಿದ ತಟ್ಟೆಯ ದ್ರವ ಬದಲಾದರೆ ಕೋಶದ ಸ್ರವಿಕೆಯೂ ಬದಲಾಗುತ್ತದೆ. ಮಾತ್ರೆಯಂತೆ ಪ್ರತಿ ಸಲ ಒಂದೇ ಪ್ರಮಾಣ ಕೊಟ್ಟೆವೆಂದು ಹೇಳಲು ಬರುವುದಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಕುತೂಹಲ ಹುಟ್ಟಿಸುವ ಕೆಲಸ ನಡೆಯುತ್ತಿರುವುದು ಹೊರಗಿನಿಂದ ಕೋಶ ತಂದು ಸುರಿಯುವ ಕಡೆಯಲ್ಲಲ್ಲ, ಗಾಯದಲ್ಲೇ ಇರುವ ಕೋಶಗಳ ಜಾತಕ ಓದುವ ಕಡೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಲಾಂಗೇಕರ್ ಅವರ ತಂಡ ಇಲಿಯ ಬೆನ್ನಿನಲ್ಲಿ ಕಲೆಯ ನಾರನ್ನು ನೇಯುವವು ಎಲ್ಲ ಫೈಬ್ರೊಬ್ಲಾಸ್ಟ್‌ಗಳೂ ಅಲ್ಲ, ಎನ್‌ಗ್ರೇಲ್ಡ್ ಎಂಬ ವಂಶವಾಹಿ ಚಾಲೂ ಆದ ಒಂದು ವಂಶಾವಳಿ ಮಾತ್ರ ಎಂದು 2015ರಲ್ಲಿ ತೋರಿಸಿತು. 2021ರಲ್ಲಿ ಅದೇ ತಂಡ, ಚರ್ಮದ ಎಳೆತವನ್ನು ಗ್ರಹಿಸಿ ಆ ವಂಶವಾಹಿಯನ್ನು ಎಬ್ಬಿಸುವ ದಾರಿಯನ್ನು ವರ್ಟಿಪೋರ್ಫಿನ್ ಎಂಬ ಔಷಧದಿಂದ ಮುಚ್ಚಿದಾಗ, ಇಲಿಯ ಗಾಯ ಕೂದಲು, ಗ್ರಂಥಿಗಳ ಸಮೇತ ಮೊದಲಿನ ಚರ್ಮದಂತೆಯೇ ಮರಳಿ ಬೆಳೆದದ್ದನ್ನು ವರದಿ ಮಾಡಿತು. ವರ್ಟಿಪೋರ್ಫಿನ್ ಕಣ್ಣಿನ ಅಕ್ಷಿಪಟಲದ ಕಾಯಿಲೆಗೆ ಮೊದಲಿನಿಂದಲೂ ಬಳಕೆಯಲ್ಲಿರುವ ಔಷಧ ಎಂಬುದು ಗಮನಿಸಬೇಕಾದ ವಿಷಯ. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 2022ರಲ್ಲಿ ಹಿಮಸಾರಂಗದ ಕೊಂಬಿನ ಮೇಲಿನ ಮಖಮಲ್ಲಿನಂಥ ಚರ್ಮ ಕಲೆಯಿಲ್ಲದೆ ಮಾಯುತ್ತದೆ, ಅದೇ ಪ್ರಾಣಿಯ ಬೆನ್ನಿನ ಚರ್ಮ ಕಲೆ ಕಟ್ಟುತ್ತದೆ ಎಂಬುದರ ಗುಟ್ಟನ್ನು ಹುಡುಕಿದರು. ವ್ಯತ್ಯಾಸವಿದ್ದದ್ದು ಎರಡು ಕಡೆಯ ಫೈಬ್ರೊಬ್ಲಾಸ್ಟ್‌ಗಳು ರೋಗನಿರೋಧಕ ಕೋಶಗಳನ್ನು ಕೆರಳಿಸುವ ರೀತಿಯಲ್ಲಿ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ: ನಮ್ಮ ಬಾಯೊಳಗೆ ಕೆನ್ನೆ ಕಚ್ಚಿಕೊಂಡ ಗಾಯ ಗುರುತೂ ಉಳಿಯದಂತೆ ಮಾಯುತ್ತದೆ. ಕಲೆಯಿಲ್ಲದೆ ಮಾಯುವ ಸಾಮರ್ಥ್ಯ ನಮ್ಮ ಮೈಯಲ್ಲೇ ಇದೆ, ಎಲ್ಲ ಕಡೆ ಇಲ್ಲ.

ಈ ಎಲ್ಲ ಕೆಲಸಗಳು ಸಮಯದ ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತವೆ. ಕೋಶವಾಗಲಿ ಔಷಧವಾಗಲಿ, ಕೆಲಸ ಮಾಡುವುದಾದರೆ ಗಾಯವಾದ ಮೊದಲ ದಿನಗಳಲ್ಲಿ, ಉರಿಯೂತ ಇನ್ನೂ ದಿಕ್ಕು ನಿರ್ಧರಿಸುತ್ತಿರುವಾಗ. ಹತ್ತು ವರ್ಷದ ಹಿಂದಿನ ಕಲೆಯಲ್ಲಿ ಆ ಮಾತುಕತೆ ಮುಗಿದಿರುತ್ತದೆ. ಸೌಂದರ್ಯ ಕೇಂದ್ರಗಳಿಗೆ ಹೋಗುವವರು ಬಹುಪಾಲು ಅಂಥ ಹಳೆಯ ಕಲೆಯವರೇ ಎಂಬುದನ್ನು ನೆನೆದರೆ ಬೇಸರವಾಗುತ್ತದೆ. ಅಲ್ಲಿ ಈಗ ಕೋಶಕ್ಕಿಂತ ಹೆಚ್ಚಾಗಿ ಎಕ್ಸೊಸೋಮ್ ಎಂಬ ಹೆಸರು ಕೇಳುತ್ತದೆ. ಕೋಶಗಳು ಹೊರಬಿಡುವ, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಚಿಕ್ಕದಾದ ಈ ಚೀಲಗಳು ಸಂಕೇತಗಳನ್ನು ಹೊತ್ತೊಯ್ಯುತ್ತವೆ ಎಂಬುದು ನಿಜ, ಕೋಶವಿಲ್ಲದೆಯೇ ಅದರ ಸಂದೇಶವನ್ನು ಕೊಡಬಹುದೆಂಬ ಯೋಚನೆಯೂ ಸರಿ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2019ರ ಡಿಸೆಂಬರಿನಲ್ಲೇ, ಅನುಮತಿಯಿಲ್ಲದ ಎಕ್ಸೊಸೋಮ್ ಉತ್ಪನ್ನ ಪಡೆದ ರೋಗಿಗಳಿಗೆ ಗಂಭೀರ ತೊಂದರೆಗಳಾದ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು. ರೋಗಿಯದೇ ಕೊಬ್ಬಿನ ಕೋಶ, ಆದ್ದರಿಂದ ಅಪಾಯವಿಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಫ್ಲೋರಿಡಾದಲ್ಲಿ ತಮ್ಮದೇ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ರೋಗಿಯ ಮೈಯಿಂದಲೇ ತೆಗೆದು ಸಂಸ್ಕರಿಸಿದ ಕೊಬ್ಬಿನ ಕೋಶವು ಕೇವಲ ಶಸ್ತ್ರಕ್ರಿಯೆಯ ಭಾಗವಲ್ಲ, ಔಷಧವೇ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2024ರಲ್ಲಿ ತೀರ್ಪಿತ್ತಿತು.

ಭಾರತದಲ್ಲಿ ನಿಯಮ ಅಸ್ಪಷ್ಟವಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳ ಮಜ್ಜೆ ಕಸಿಯಂಥ ಒಪ್ಪಿತ ಬಳಕೆಗಳನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ರೋಗಿಗೆ ಆಕರಕೋಶ ಕೊಡುವುದು ವೃತ್ತಿದುರಾಚಾರ; ಅದನ್ನು ಜಾಹೀರು ಮಾಡುವಂತೆಯೂ ಇಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಆಕರಕೋಶದಿಂದ ತಯಾರಾದ ಉತ್ಪನ್ನವನ್ನು ಹೊಸ ಔಷಧವೆಂದೇ ಪರಿಗಣಿಸುತ್ತವೆ. ಈ ದಾರಿಯಲ್ಲೇ ನಡೆದು ಅನುಮತಿ ಪಡೆಯುವುದು ಸಾಧ್ಯ ಎಂಬುದಕ್ಕೆ ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಉದಾಹರಣೆ. ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಅದರ ಮೆಸೆಂಕೈಮಲ್ ಕೋಶಗಳಿಗೆ, ಬರ್ಜರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ತೀವ್ರವಾಗಿ ಕುಗ್ಗಿದವರಲ್ಲಿ ಬಳಸಲು 2016ರಲ್ಲಿ ಸೀಮಿತ ಅನುಮತಿಯೂ, ಮುಂದೆ ಮಂಡಿ ಸವೆತಕ್ಕೆ 2022ರಲ್ಲಿ ಅನುಮತಿಯೂ ದೊರೆತವು. ಆ ಅನುಮತಿಗಳು ಚರ್ಮದ ಕಲೆಗೆ ಅನ್ವಯಿಸುವುದಿಲ್ಲ. ಕಲೆಗೆ ಆಕರಕೋಶ ಚಿಕಿತ್ಸೆ ಕೊಡುತ್ತೇವೆಂದು ಯಾರಾದರೂ ಹೇಳಿದರೆ, ಅದು ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಾದ ಸಿಟಿಆರ್‌ಐಯಲ್ಲಿ ದಾಖಲಾಗಿದೆಯೇ ಎಂದು ಕೇಳುವ ಹಕ್ಕು ರೋಗಿಗಿದೆ. ನಿಜವಾದ ಪ್ರಯೋಗವಾದರೆ ಚಿಕಿತ್ಸೆಗೆ ಹಣ ಕೇಳುವಂತಿಲ್ಲ, ತೊಂದರೆಯಾದರೆ ಪರಿಹಾರವನ್ನೂ ಕೊಡಬೇಕಾಗುತ್ತದೆ.

ಪ್ರಶ್ನೆಯನ್ನು ತೀರ್ಮಾನಿಸಬಲ್ಲ ಪ್ರಯೋಗ ಹೇಗಿರಬೇಕು ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ತುತ್ತಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಸುಟ್ಟಗಾಯ ವಿಭಾಗಗಳಲ್ಲಿ ಇಂಥ ಅಧ್ಯಯನಕ್ಕೆ ಬೇಕಾದ ರೋಗಿಗಳೂ ಅನುಭವಿ ವೈದ್ಯರೂ ಇದ್ದಾರೆ. ಒಬ್ಬರದೇ ಹೊಸ ಗಾಯವನ್ನು ಎರಡು ಭಾಗವಾಗಿ ಗುರುತಿಸಿ, ಮೊದಲ ವಾರದಲ್ಲೇ ಒಂದು ಭಾಗಕ್ಕೆ ಕೋಶ ಮತ್ತು ಇನ್ನೊಂದಕ್ಕೆ ಕೋಶವಿಲ್ಲದ ಅದೇ ದ್ರವ ಕೊಟ್ಟು, ಎರಡೂ ಕಡೆ ಸಿಲಿಕೋನ್, ಒತ್ತಡದ ಉಡುಪು, ವ್ಯಾಯಾಮಗಳನ್ನು ಸಮನಾಗಿ ಮುಂದುವರಿಸಿ, ಒಂದು ವರ್ಷ ಕಳೆದ ಮೇಲೆ, ಎರಡು ವರ್ಷ ಕಳೆದ ಮೇಲೆ, ಯಾವುದು ಯಾವ ಭಾಗವೆಂದು ತಿಳಿಯದವರು ದಪ್ಪ, ಎಳೆತ, ನವೆಗಳನ್ನು ಅಳೆಯಬೇಕು. ಅಳತೆಯ ಪಟ್ಟಿಯಲ್ಲಿ ಬಣ್ಣ, ಎತ್ತರಗಳ ಜೊತೆಗೆ ಮೊಣಕೈ ಎಷ್ಟು ಡಿಗ್ರಿ ಚಾಚುತ್ತದೆ, ಕುತ್ತಿಗೆ ಎಷ್ಟು ಮೇಲೆತ್ತಲು ಬರುತ್ತದೆ, ರಾತ್ರಿ ನವೆಯಿಂದ ಎಷ್ಟು ಸಲ ಎಚ್ಚರವಾಗುತ್ತದೆ ಎಂಬುದನ್ನೂ ರೋಗಿಯನ್ನೇ ಕೇಳಿ ಬರೆದುಕೊಳ್ಳಬೇಕು.